ಸೀಲಿಂಗ್‌ಗೆ ಹುಕ್ ಹಾಕಿದ ಮೇಲೆ ಕರೆಂಟ್ ತೊಂದರೆ: ಯಾವ ಲಕ್ಷಣಕ್ಕೆ ಏನರ್ಥ, ಏನು ಮಾಡಬೇಕು

ಮುಂಬಯಿಯ ಮನೆಗಳಲ್ಲಿ ನೆಲಕ್ಕೆ ಬರ. ಹಾಗಾಗಿ ಎಲ್ಲರ ಕಣ್ಣೂ ಸೀಲಿಂಗ್ ಮೇಲೆ. ಬಟ್ಟೆ ಒಣಗಿಸುವ ಪುಲ್ಲಿ, ಮಗುವಿನ ತೊಟ್ಟಿಲು, ಈರುಳ್ಳಿ ಬುಟ್ಟಿ, ಸೈಕಲ್ಲು, ಊರಿಂದ ತಂದ ತೂಗುದೀಪ, ಎಲ್ಲದಕ್ಕೂ ಒಂದೊಂದು ಹುಕ್ ಬೇಕು. ಮಾಟುಂಗದ ಹಳೇ ಕಟ್ಟಡವಿರಲಿ, ಡೊಂಬಿವಲಿಯ ಒನ್ ಬಿಎಚ್‌ಕೆ ಇರಲಿ, ಠಾಣೆಯ ಹೊಸ ಟವರ್ ಇರಲಿ, ಹುಕ್ ಹೋಗುವ ಸ್ಲ್ಯಾಬ್‌ನೊಳಗೇ ಫ್ಯಾನು, ಲೈಟಿನ ವೈರೂ ಓಡಿರುತ್ತದೆ.

ಹುಕ್ ಹಾಕುವಾಗ ಢಬ್ ಅಂತ ಸದ್ದಾಗಿ ಮನೆ ಕತ್ತಲಾದರೆ ಒಂದು ಲೆಕ್ಕಕ್ಕೆ ಒಳ್ಳೆಯದೇ. ಏನೋ ಆಯ್ತು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನಿಜವಾಗಿ ಹೆದರಬೇಕಾದದ್ದು ಏನೂ ಆಗದೆ ಇದ್ದಾಗ. ಸ್ಕ್ರೂ ವೈರಿನ ಮೇಲಿನ ಪದರ ಕೆರೆದು ಅಲ್ಲೇ ಕೂತಿರುತ್ತದೆ. ಬೇಸಿಗೆ ಪೂರ್ತಿ ಸದ್ದಿಲ್ಲ. ಜೂನ್ ಮಳೆ ಶುರುವಾದಾಗ ಟ್ರಿಪ್ ಆಗಲು (ಸ್ವಿಚ್ ತಾನೇ ಬಿದ್ದು ಕರೆಂಟ್ ಹೋಗಲು) ಶುರು, ಇಲ್ಲವೇ ಒದ್ದೆ ಬಟ್ಟೆ ಹಿಡಿದವರ ಕೈ ಜುಮ್ ಅನ್ನುತ್ತದೆ. ಅಷ್ಟು ಹೊತ್ತಿಗೆ ಹುಕ್ ಹಾಕಿದ್ದು ಯಾರಿಗೂ ನೆನಪಿರುವುದಿಲ್ಲ.

ಮೊದಲು ಇಷ್ಟು ಮಾಡಿ

ಅನುಮಾನ ಬಂದ ಹುಕ್ಕನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದಕ್ಕೆ ನೇತುಹಾಕಿದ ಸರಪಳಿ, ಕಂಬಿಯನ್ನೂ ಮುಟ್ಟಬೇಡಿ. ಮೇನ್ ಸ್ವಿಚ್ ಆಫ್ ಮಾಡಿ. ಬರೀ ಆ ರೂಮಿನ ಎಂಸಿಬಿ (ಒಂದೊಂದು ಲೈನಿಗೆ ಇರುವ, ತಾನೇ ಬೀಳುವ ಸಣ್ಣ ಸ್ವಿಚ್) ಇಳಿಸಿದರೆ ಸಾಲದು. ಎಷ್ಟೋ ಮನೆಗಳಲ್ಲಿ ಎಂಸಿಬಿ ಕರೆಂಟ್ ತರುವ ಫೇಸ್ ವೈರನ್ನು ಮಾತ್ರ ಕಡಿಯುತ್ತದೆ. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರ್ ಹಾಗೇ ಉಳಿಯುತ್ತದೆ. ಒಂದೇ ಪೈಪಿನಲ್ಲಿ ಪಕ್ಕದ ರೂಮಿನ ಲೈನೂ ಹಾದುಹೋಗಿರಬಹುದು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಪುಣೆ ಕಡೆಯ ಮನೆಗಳಲ್ಲಿ ಇದು ಜಾಸ್ತಿ. ಮೇನ್ ಇಳಿಸಿದ ತಕ್ಷಣ ಇನ್ವರ್ಟರ್ ತಾನೇ ಎದ್ದು ಅದೇ ಫ್ಯಾನ್, ಲೈಟ್ ಲೈನಿಗೆ 230 ವೋಲ್ಟ್ ಕೊಡುತ್ತದೆ. ಮೇನ್ ಆಫ್ ಇದೆ ಅಂತ ನಂಬಿ ಏಣಿ ಹತ್ತಿದವರಿಗೆ ಇದು ತಿಳಿಯುವುದಿಲ್ಲ.

ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡಿದ್ದರೆ ಅವರನ್ನು ಮುಟ್ಟಿ ಎಳೆಯಬೇಡಿ. ಮೊದಲು ಮೇನ್ ಆಫ್, ಆಮೇಲೆ 108 ಅಥವಾ 112ಕ್ಕೆ ಫೋನ್. ಶಾಕ್ ಹೊಡೆದವರು ಎದ್ದು ಕೂತು ಮಾತಾಡಿದರೂ ಒಮ್ಮೆ ಡಾಕ್ಟರಿಗೆ ತೋರಿಸಿ.

"ಡ್ರಿಲ್ ಮಾಡುವಾಗ ಪುಡಿ ಬಣ್ಣ ಬದಲಾಯ್ತು"

ಇದು ಎಲ್ಲಕ್ಕಿಂತ ಮೊದಲು ಸಿಗುವ ಸೂಚನೆ, ಕಾಸು ಖರ್ಚಿಲ್ಲದ್ದು. ಡ್ರಿಲ್ ಕೆಳಗೆ ಒಂದು ಬಿಳಿ ಕಾಗದ ಹಿಡಿಯಲು ಯಾರಿಗಾದರೂ ಹೇಳಿ. ಮೊದಲು ಬೀಳುವುದು ಪುಟ್ಟಿ ಮತ್ತು ಗಿಲಾವಿನ ಪುಡಿ, ಬೆಳ್ಳಗೆ ಅಥವಾ ಮರಳಿನ ಬಣ್ಣ. ಆಮೇಲೆ ಕಾಂಕ್ರೀಟಿನ ಬೂದು ಪುಡಿ. ಇಲ್ಲಿಯವರೆಗೆ ಸರಿ.

ಬೂದು ಪುಡಿಯ ನಡುವೆ ಪ್ಲಾಸ್ಟಿಕ್ಕಿನ ಸಣ್ಣ ಸುರುಳಿ ಬಂದರೆ, ಗಟ್ಟಿಯಾಗಿ ಹೋಗುತ್ತಿದ್ದ ಬಿಟ್ ಒಮ್ಮೆಲೇ ಸಡಿಲವಾಗಿ ಒಳಗೆ ಜಾರಿದರೆ, ವೈರ್ ಓಡುವ ಪಿವಿಸಿ ಪೈಪ್ ತೂತಾಗಿದೆ. ಅಲ್ಲೇ ನಿಲ್ಲಿಸಿ. ಮೇನ್ ಆಫ್ ಆಗುವ ತನಕ ಬಿಟ್ ಹೊರಗೆ ಎಳೆಯಬೇಡಿ. ಎಳೆಯುವಾಗ ತಿರುಗುವ ಬಿಟ್ ವೈರನ್ನು ಸುತ್ತಿಕೊಂಡು ಬರುತ್ತದೆ, ಸಣ್ಣ ಗಾಯ ದೊಡ್ಡದಾಗುತ್ತದೆ. ಆಫ್ ಮಾಡಿದ ಮೇಲೆ ಬಿಟ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಗೀರುಗಳ ನಡುವೆ ಕೆಂಪು, ಹಳದಿ, ಕಪ್ಪು, ಹಸಿರು ಬಣ್ಣದ ಚೂರು ಅಂಟಿದ್ದರೆ ಅದು ವೈರಿನ ಮೇಲ್ಪದರ. ತಾಮ್ರದ ಹೊಳಪು ಕಂಡರೆ ಒಳಗಿನ ತಂತಿಗೂ ಏಟು ಬಿದ್ದಿದೆ. ಬರೀ ಪೈಪಿನ ಚೂರು ಬಂದು ವೈರಿನದು ಏನೂ ಇಲ್ಲದಿದ್ದರೂ ಆ ತೂತಿಗೆ ಹುಕ್ ಹಾಕಬೇಡಿ.

ಬಿಟ್ ಮುಂದೆ ಹೋಗದೆ ಕಿರ್ರ್ ಅಂತ ಕೂಗಿ ಕಿಡಿ ಹಾರಿದರೆ ಅದು ಸ್ಲ್ಯಾಬಿನ ಕಬ್ಬಿಣದ ಸರಳು. ಅದನ್ನು ಕೊರೆದು ದಾಟುವ ಹಟ ಬೇಡ. ಎರಡು ಮೂರು ಇಂಚು ಪಕ್ಕಕ್ಕೆ ಸರಿಯಿರಿ. ಸರಳು ಮನೆಯ ಭಾರ ಹೊತ್ತಿದೆ.

"ಹುಕ್ ಹಾಕಿದ ಕೂಡಲೇ ಕರೆಂಟ್ ಹೋಯ್ತು"

ಬಿದ್ದದ್ದು ಯಾವುದು ಅಂತ ಡಿಬಿ (ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆ) ಬಾಗಿಲು ತೆಗೆದು ನೋಡಿ. ಒಂದೊಂದು ಲೈನಿಗೆ ಇರುವ ಸಣ್ಣದು ಎಂಸಿಬಿ. ಅಗಲವಾಗಿದ್ದು, ಮೇಲೆ ಟಿ ಅಂತ ಬರೆದ ಸಣ್ಣ ಗುಂಡಿ ಇರುವುದು ಆರ್‌ಸಿಸಿಬಿ.

ಎಂಸಿಬಿ ಬಿದ್ದಿದ್ದರೆ ಶಾರ್ಟ್ ಆಗಿದೆ. ಸ್ಕ್ರೂ ಫೇಸನ್ನೂ ನ್ಯೂಟ್ರಲನ್ನೂ, ಇಲ್ಲವೇ ಫೇಸನ್ನೂ ಅರ್ಥಿಂಗ್ ವೈರನ್ನೂ ಒಟ್ಟಿಗೆ ಕಚ್ಚಿದೆ. ಅದನ್ನು ಮತ್ತೆ ಮತ್ತೆ ಎತ್ತಬೇಡಿ. ಪ್ರತಿ ಸಲ ಎತ್ತಿದಾಗಲೂ ಪೈಪಿನೊಳಗೆ ಕಿಡಿ ಹಾರಿ ಪಕ್ಕದ ವೈರ್ ಸುಡುತ್ತದೆ. ಇಳಿಸಿಯೇ ಇಟ್ಟು ವೈರ್‌ಮನ್ ಕರೆಸಿ.

ಆರ್‌ಸಿಸಿಬಿ ಬಿದ್ದಿದ್ದರೆ ಕರೆಂಟ್ ಎಲ್ಲೋ ಸೋರಿ ನೆಲಕ್ಕೆ ಹೋಗುತ್ತಿದೆ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 30 ಮಿಲಿಆಂಪಿನದು. ಅಷ್ಟು ಸೋರಿದರೆ ಅದು ಬೀಳಲೇಬೇಕು. ಇದನ್ನು ನೀವೇ ಸ್ವಲ್ಪ ದೂರ ಹುಡುಕಬಹುದು, ಹುಕ್ ಹತ್ತಿರ ಯಾರೂ ಹೋಗದಿದ್ದರೆ ಸಾಕು. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಮಾತ್ರ ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನಲ್ಲಿ ದೋಷ. ಅದು ಗೀಸರ್ ಅಥವಾ ವಾಷಿಂಗ್ ಮಷಿನ್ ಲೈನಾದರೆ ಮೊದಲು ಪ್ಲಗ್ ಕಿತ್ತು ನೋಡಿ, ಹುಕ್ಕಿಗೂ ಅದಕ್ಕೂ ಸಂಬಂಧ ಇಲ್ಲದಿರಬಹುದು. ಹುಕ್ ಹಾಕಿದ ರೂಮಿನ ಲೈಟ್ ಲೈನಾದರೆ ಉತ್ತರ ಸಿಕ್ಕಂತೆ.

ಎಲ್ಲ ಎಂಸಿಬಿ ಕೆಳಗಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ? ಆಗ ಸ್ಕ್ರೂ ನ್ಯೂಟ್ರಲ್ ವೈರನ್ನು ಅರ್ಥಿಂಗಿಗೋ ಸ್ಲ್ಯಾಬಿನ ಸರಳಿಗೋ ಮುಟ್ಟಿಸಿರುವ ಸಾಧ್ಯತೆ ಇದೆ. ಎಂಸಿಬಿ ನ್ಯೂಟ್ರಲನ್ನು ಕಡಿಯುವುದಿಲ್ಲವಾದ್ದರಿಂದ ಹೀಗಾಗುತ್ತದೆ. ಇಂಥ ದೋಷದ ಇನ್ನೊಂದು ರೂಪವೂ ಇದೆ: ರಾತ್ರಿ ಎಲ್ಲ ಆಫ್ ಇದ್ದಾಗ ಸರಿಯಾಗಿರುತ್ತದೆ, ಬೇರೆ ಯಾವುದೋ ರೂಮಿನಲ್ಲಿ ಮಿಕ್ಸರ್ ಹಾಕಿದರೆ ಟ್ರಿಪ್. ಜನ ಪಾಪ ಮಿಕ್ಸರ್ ರಿಪೇರಿಗೆ ಕೊಡುತ್ತಾರೆ. ವೈರ್‌ಮನ್‌ಗೆ ಈ ಎರಡು ಮಾತು ಹೇಳಿದರೆ ಅವರ ಅರ್ಧ ಕೆಲಸ ಮುಗಿಯುತ್ತದೆ.

ಆರ್‌ಸಿಸಿಬಿ ಬೀಳುತ್ತಲೇ ಇದೆ ಅಂತ ಅದನ್ನು ಬೈಪಾಸ್ ಮಾಡಿಕೊಡುವವರೂ ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ.

"ಟ್ರಿಪ್ ಆಗಲಿಲ್ಲ, ಆದರೆ ಒಂದು ಫ್ಯಾನ್ ನಿಂತುಹೋಯ್ತು"

ಅಗ್ಗದ ಕಾರಣ ಮೊದಲು ನೋಡಿ. ಬಲ್ಬ್ ಬದಲಿಸಿ. ಫ್ಯಾನ್ ಗುಂಯ್ ಅಂದು ತಿರುಗದಿದ್ದರೆ ಕೆಪಾಸಿಟರ್ ಹೋಗಿರುತ್ತದೆ, ವೈರ್ ಚೆನ್ನಾಗಿಯೇ ಇದೆ. ಸದ್ದೇ ಇಲ್ಲದಿದ್ದರೆ ರೆಗ್ಯುಲೇಟರ್ ಹೋಗಿದೆಯೋ ಅಂತ ನೋಡಿಸಿ. ಇವೆಲ್ಲ ಸರಿಯಿದ್ದು, ಫ್ಯಾನ್ ನಿಂತದ್ದು ಹುಕ್ ಹಾಕಿದ ದಿನವೇ ಆದರೆ ವೈರ್ ತುಂಡಾಗಿದೆ.

ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿದರೆ ಆ ಲೈನಿನ ನ್ಯೂಟ್ರಲ್ ಕಡಿದಿದೆ ಅಂತ ಅರ್ಥ. ಲೈಟ್ ಉರಿಯುವುದಿಲ್ಲ, ಆದರೂ ವೈರಿನಲ್ಲಿ ಕರೆಂಟ್ ಇದೆ. ಉರಿಯದ ಲೈನ್ ಸತ್ತ ಲೈನ್ ಅಂತ ಭಾವಿಸಿ ಹೋಲ್ಡರಿಗೆ ಕೈ ಹಾಕಬೇಡಿ.

ಆಫ್ ಮಾಡಿದ ಎಲ್‌ಇಡಿ ರಾತ್ರಿ ಮಿಣಮಿಣ ಅನ್ನುವುದು ಬೇರೆ ವಿಷಯ. ಸ್ವಿಚ್ಚಿನಲ್ಲಿರುವ ಇಂಡಿಕೇಟರಿನಿಂದಲೂ ಹಾಗಾಗುತ್ತದೆ. ಹುಕ್ಕಿಗೆ ಮುಂಚೆಯೂ ಹಾಗೇ ಇತ್ತಾ ಅಂತ ಮನೆಯವರನ್ನು ಕೇಳಿ ನೋಡಿ.

"ಪುಲ್ಲಿ ಕಂಬಿ ಮುಟ್ಟಿದ್ರೆ ಜುಮ್ ಅನ್ನುತ್ತೆ"

ಈ ಮಾತನ್ನು ಮನೆಯಲ್ಲಿ ಹೆಚ್ಚಾಗಿ ಹೇಳುವವರು ಬಟ್ಟೆ ಒಣಹಾಕುವವರು. ಅತ್ತೆಯೋ ಅತ್ತಿಗೆಯೋ ಹೇಳಿದರೆ, "ನಿಮಗೆ ಹಾಗೆ ಅನಿಸಿದೆ ಅಷ್ಟೇ" ಅಂತ ತಳ್ಳಿಹಾಕುವುದು ರೂಢಿ. ತಳ್ಳಿಹಾಕಬೇಡಿ. ಈ ಕೈಪಿಡಿಯಲ್ಲಿ ಇದಕ್ಕಿಂತ ಗಂಭೀರ ಲಕ್ಷಣ ಇನ್ನೊಂದಿಲ್ಲ.

ಆಗಿರುವುದು ಇಷ್ಟು. ಸ್ಕ್ರೂ ಫೇಸ್ ವೈರನ್ನು ಮಾತ್ರ ಮುಟ್ಟಿದೆ. ಒಣ ಕಾಂಕ್ರೀಟ್ ಕರೆಂಟನ್ನು ಅಷ್ಟಾಗಿ ಬಿಡುವುದಿಲ್ಲ. ಕರೆಂಟಿಗೆ ಹೋಗಲು ದಾರಿ ಇಲ್ಲ, ಆದ್ದರಿಂದ ಎಂಸಿಬಿಯೂ ಬೀಳಲಿಲ್ಲ, ಆರ್‌ಸಿಸಿಬಿಯೂ ಬೀಳಲಿಲ್ಲ. ಹುಕ್ ಮಾತ್ರ 230 ವೋಲ್ಟ್ ಹೊತ್ತು ಕೂತಿದೆ. ಸರಪಳಿ ಅಥವಾ ಉಕ್ಕಿನ ಹಗ್ಗ ಇದ್ದರೆ ಅದು ನೇರ ಕೈಗೆ ಬರುತ್ತದೆ. ನೈಲಾನ್ ಹಗ್ಗ ಒಣಗಿದ್ದಾಗ ತಡೆಯುತ್ತದೆ. ಮಳೆಗಾಲದಲ್ಲಿ ಒದ್ದೆ ಸೀರೆ, ಒದ್ದೆ ಹಗ್ಗ, ಒದ್ದೆ ಕೈ, ಬರಿಗಾಲು, ತೊಳೆದ ನೆಲ ಎಲ್ಲ ಸೇರಿದಾಗ ಕರೆಂಟಿಗೆ ದಾರಿ ಸಿಗುತ್ತದೆ. ಆ ದಾರಿ ನಿಂತಿರುವ ಮನುಷ್ಯ. ಆರ್‌ಸಿಸಿಬಿ ಇದ್ದರೆ ಆಗ ಬೀಳುತ್ತದೆ. ಕಿಟ್‌ಕ್ಯಾಟ್ ಫ್ಯೂಸ್ (ತಂತಿ ಕಟ್ಟುವ ಪಿಂಗಾಣಿ ಫ್ಯೂಸ್) ಮಾತ್ರ ಇರುವ ಹಳೇ ಮನೆಯಲ್ಲಿ ಅಷ್ಟು ಕರೆಂಟಿಗೆ ಫ್ಯೂಸ್ ಹೋಗುವುದೇ ಇಲ್ಲ.

ಟೆಸ್ಟರ್ ಹಚ್ಚಿ ತೀರ್ಮಾನ ಮಾಡಬೇಡಿ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತರೆ ಕರೆಂಟ್ ಇದ್ದರೂ ಟೆಸ್ಟರ್ ಮಂದವಾಗಿ ಉರಿಯಬಹುದು, ಉರಿದದ್ದು ಹಗಲು ಬೆಳಕಿನಲ್ಲಿ ಕಾಣದೇ ಹೋಗಬಹುದು. ಉರಿದರೆ ಅಪಾಯ ಖಂಡಿತ ಇದೆ ಅಂತ ನಡೆದುಕೊಳ್ಳಿ. ಉರಿಯದಿದ್ದರೆ ಅದರಿಂದ ಏನೂ ಗೊತ್ತಾಗಲಿಲ್ಲ. ವೈರ್‌ಮನ್ ಹುಕ್ಕಿನಿಂದ ಅರ್ಥಿಂಗಿಗೆ ಮೀಟರ್ ಹಚ್ಚಿ, ಜೊತೆಗೆ ಟೆಸ್ಟ್ ಲ್ಯಾಂಪ್ ಇಟ್ಟು ನೋಡುತ್ತಾರೆ. ಪಕ್ಕದ ವೈರಿನ ಪ್ರಭಾವದಿಂದ ಬಂದ ಸುಳ್ಳು ವೋಲ್ಟೇಜ್ ಆದರೆ ದೀಪ ಹತ್ತುವುದಿಲ್ಲ.

ಅವರು ಬರುವ ತನಕ ಮೇನ್, ಇನ್ವರ್ಟರ್ ಎರಡೂ ಬಂದ್. ಮಕ್ಕಳು ಅಲ್ಲಿ ಓಡಾಡದಂತೆ ಪುಲ್ಲಿ ಕೆಳಗೆ ಒಂದು ಕುರ್ಚಿ ಅಡ್ಡ ಇಡಿ. ಮೇನ್ ಆಫ್ ಮಾಡಿ ಸ್ಕ್ರೂ ಬಿಚ್ಚಿದಾಗ ಅದನ್ನು ಎಸೆಯಬೇಡಿ. ಸ್ಕ್ರೂವಿನ ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಸುಟ್ಟ ಚುಕ್ಕೆ, ಅದರ ಪಕ್ಕ ತಾಮ್ರದ ಗೀರು ಇದ್ದರೆ ಕಥೆ ಅಲ್ಲೇ ಬರೆದಿರುತ್ತದೆ.

"ಮಳೆಗಾಲದಲ್ಲಿ ಮಾತ್ರ ಟ್ರಿಪ್ ಆಗುತ್ತೆ"

"ಮಳೆ ಅಲ್ವಾ, ತೇವಕ್ಕೆ ಹಾಗಾಗುತ್ತೆ" ಅನ್ನುವುದು ಎಲ್ಲರ ಮಾತು. ತೇವ ಕಾರಣ ಹೌದು. ಆದರೆ ಪದರ ಗಟ್ಟಿಯಿರುವ ವೈರ್ ತೇವಕ್ಕೆ ಹೆದರುವುದಿಲ್ಲ. ಎಲ್ಲೋ ಗಾಯ ಇದೆ, ತೇವ ಅದನ್ನು ತೋರಿಸಿಕೊಡುತ್ತಿದೆ.

ಮೊದಲು ಹೊರಗಿನ ಕಾರಣ ನೋಡಿ: ಬಾಲ್ಕನಿಯ ಸಾಕೆಟ್, ಮಳೆ ಹೊಡೆಯುವ ಕಿಟಕಿ ಪಕ್ಕದ ಎಸಿ ಪಾಯಿಂಟ್, ಬಾತ್‌ರೂಮಿನ ಲೈಟ್. ಆಮೇಲೆ ಸೀಲಿಂಗ್. ಫ್ಯಾನಿನ ರಾಡಿನಿಂದ ಅಥವಾ ಹುಕ್ಕಿನ ಬುಡದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮೇಲಿನ ಮನೆಯ ಬಾತ್‌ರೂಮ್ ನೀರು ಸ್ಲ್ಯಾಬಿಗೆ ಇಳಿದು ಪೈಪ್ ಹಿಡಿದು ಬರುತ್ತಿದೆ. ಕಡೇ ಮಹಡಿಯಾದರೆ ತಾರಸಿಯ ವಾಟರ್‌ಪ್ರೂಫಿಂಗ್ ಹೋಗಿದೆ. ನೀರು ಇಳಿಯುತ್ತಿರುವ ತನಕ ಆ ಲೈನ್ ಆಫ್ ಇರಲಿ, ಫ್ಯಾನ್ ಹಾಕಬೇಡಿ. ಮೇಲಿನ ಮನೆಯವರ ಜೊತೆ ಮಾತಾಡಿ, ಸೊಸೈಟಿ ಕಮಿಟಿಗೆ ಬರೆದು ಕೊಡಿ.

ನೀರು ಕಾಣದೇ ಟ್ರಿಪ್ ಆಗುತ್ತಿದ್ದರೆ ಮೆಗ್ಗರ್ ಟೆಸ್ಟ್ ಮಾಡಿಸಿ. ವೈರಿನ ಪದರ ಗಟ್ಟಿಯಿದೆಯಾ ಅಂತ 500 ವೋಲ್ಟ್ ಡಿಸಿ ಕೊಟ್ಟು ಅಳೆಯುವ ಉಪಕರಣ ಅದು. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಆ ವೈರ್ ಬದಲಿಸಬೇಕು. ಆರೋಗ್ಯವಾಗಿರುವ ವೈರ್ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೋರಿಸುತ್ತದೆ. ಟೆಸ್ಟ್ ಮಾಡುವ ಮುಂಚೆ ಆ ಲೈನಿನ ಎಲ್‌ಇಡಿ, ಫ್ಯಾನ್ ರೆಗ್ಯುಲೇಟರ್, ಟಿವಿ ಎಲ್ಲ ಬಿಚ್ಚಿಸಿ, ಇಲ್ಲದಿದ್ದರೆ 500 ವೋಲ್ಟಿಗೆ ಅವು ಸುಟ್ಟುಹೋಗಬಹುದು. ಈ ಟೆಸ್ಟ್ ಮಳೆಗಾಲದಲ್ಲೇ ಮಾಡಿಸಿ. ಮೇ ತಿಂಗಳಲ್ಲಿ ಮಾಡಿಸಿದರೆ ಗಾಯವಾದ ವೈರೂ ಪಾಸಾಗಿಬಿಡಬಹುದು.

"ಹುಕ್ ಅಲ್ಲಾಡುತ್ತಿದೆ, ಸುತ್ತ ಕಂದು ಕಲೆ"

ಇದು ಕರೆಂಟಿನ ತೊಂದರೆ ಅಲ್ಲ, ಸ್ಲ್ಯಾಬಿನದು. ಕಡಲ ಗಾಳಿಯ ಉಪ್ಪು, ತೇವ ಒಳಗೆ ಇಳಿದು ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ, ಕಾಂಕ್ರೀಟನ್ನು ಕೆಳಗೆ ದೂಡುತ್ತದೆ. ಮುಂಬಯಿ, ಗೋವಾದ ಕಡಲ ಬದಿಯ ಕಟ್ಟಡಗಳಲ್ಲಿ ಇದು ದಿನನಿತ್ಯದ ಮಾತು.

ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದು ಬಂದರೆ ಬಹುಶಃ ಗಿಲಾವು ಚೆನ್ನಾಗಿದೆ, ತೂತಿನೊಳಗೆ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಮಾತ್ರ ಸಡಿಲವಾಗಿದೆ. ಡಬ್ ಡಬ್ ಅಂತ ಪೊಳ್ಳು ಸದ್ದು ಬಂದರೆ, ಉದ್ದಕ್ಕೆ ನೇರ ಬಿರುಕು ಕಂಡರೆ, ಭಾರ ಕೂಡಲೇ ಇಳಿಸಿ. ಕೆಳಗೆ ಮಂಚ ಇದ್ದರೆ ಸರಿಸಿ. ಅಲ್ಲಿ ಇನ್ನೊಂದು ತೂತು ಬೇಡ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಲಿ. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಸೊಸೈಟಿಯ ಬಳಿ ಆ ವರದಿ ಇರಬೇಕು, ಕೇಳಿ ಓದಿ.

ಮತ್ತೆ ಹುಕ್ ಹಾಕುವ ಮುಂಚೆ

ಗೋಡೆಯಲ್ಲಿ ವೈರ್ ಸಾಮಾನ್ಯವಾಗಿ ನೇರ ಮೇಲಕ್ಕೆ ಅಥವಾ ಅಡ್ಡಕ್ಕೆ ಹೋಗುತ್ತದೆ. ಸೀಲಿಂಗಿನಲ್ಲಿ ಹಾಗಿಲ್ಲ. ಸ್ಲ್ಯಾಬ್ ಹಾಕುವ ದಿನ ಸರಳಿನ ಜಾಲಿಯ ಮೇಲೆ ಪೈಪನ್ನು ಹತ್ತಿರದ ದಾರಿ ಹಿಡಿದು ಓರೆಯಾಗಿ ಎಳೆದು ಕಟ್ಟುತ್ತಾರೆ. ಹಾಗಾಗಿ ಫ್ಯಾನ್ ಬಾಕ್ಸಿನಿಂದ ಸ್ವಿಚ್‌ಬೋರ್ಡಿನ ಮೇಲಿನ ಗೋಡೆಗೆ, ಒಂದು ಫ್ಯಾನ್ ಬಾಕ್ಸಿನಿಂದ ಇನ್ನೊಂದಕ್ಕೆ, ಲೈಟ್ ಪಾಯಿಂಟಿಗೆ ಓರೆ ಗೆರೆ ಊಹಿಸಿಕೊಳ್ಳಿ. ಆ ಗೆರೆಗಳ ಎರಡೂ ಬದಿಗೆ ಒಂದು ಅಡಿ ಬಿಡಿ. ಫ್ಯಾನ್ ಬಾಕ್ಸಿನ ಸುತ್ತ, ಬೋರ್ಡ್ ಇರುವ ಗೋಡೆಯ ಅಂಚಿನಲ್ಲಿ ಪೈಪ್ ಬಾಗಿ ಕೆಳಗೆ ಬಂದಿರುತ್ತದೆ, ಅಲ್ಲಿ ಇನ್ನೂ ಜಾಸ್ತಿ ಜಾಗ ಬಿಡಿ. ರಿನೋವೇಷನ್ ಆದ ಮನೆಯಾದರೆ ಗಿಲಾವಿನಲ್ಲೇ ಕೊರೆದು ಹೊಸ ವೈರ್ ಹೂತಿರಬಹುದು, ಅದು ಅರ್ಧ ಇಂಚಿನಲ್ಲೇ ಸಿಗುತ್ತದೆ.

ವೈರ್ ಹುಡುಕುವ ಡಿಟೆಕ್ಟರ್ ಬಳಸುವಾಗ ಎಲ್ಲ ಸ್ವಿಚ್ ಆನ್ ಇರಲಿ. ಸ್ವಿಚ್ ಆಫ್ ಇದ್ದರೆ ಅದರ ಮುಂದಿನ ವೈರಿನಲ್ಲಿ ವೋಲ್ಟೇಜ್ ಇರುವುದಿಲ್ಲ, ಡಿಟೆಕ್ಟರ್ ಆ ವೈರನ್ನು ಕಾಣದೆ ದಾಟಿಬಿಡುತ್ತದೆ. ಗುರುತು ಹಾಕಿದ ಮೇಲೆ ಎಲ್ಲ ಆಫ್ ಮಾಡಿ ಡ್ರಿಲ್ ಎತ್ತಿ. ಸ್ಲ್ಯಾಬಿನ ಸರಳಿಗೂ ಅದು ಕೂಗುತ್ತದೆ, ಒದ್ದೆ ಸೀಲಿಂಗಿನಲ್ಲಿ ಎಲ್ಲ ಕಡೆ ಕೂಗುತ್ತದೆ. ಆದ್ದರಿಂದ ಡಿಟೆಕ್ಟರ್ ಮಾತು ಮತ್ತು ನಿಮ್ಮ ಊಹೆಯ ಗೆರೆ ಎರಡೂ ಒಪ್ಪುವ ಜಾಗ ಹುಡುಕಿ. ಬಿಟ್ಟಿಗೆ 35 ಮಿಲಿಮೀಟರ್ ಹತ್ತಿರ ಟೇಪ್ ಸುತ್ತಿ, ಅಲ್ಲಿಗೆ ನಿಲ್ಲಿಸಿ. ಕಣ್ಣಿಗೆ ಕನ್ನಡಕ ಇರಲಿ.

ಹೊಸ ಟವರ್‌ಗಳ ವಿಷಯ ಬೇರೆ. ಮಿವಾನ್ ಕಟ್ಟಡದಲ್ಲಿ (ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಹೊಯ್ದು ಕಟ್ಟಿದ್ದು) ಗೋಡೆಯೂ ಕಾಂಕ್ರೀಟ್, ವೈರ್ ಅದರಲ್ಲೇ ಎರಕವಾಗಿರುತ್ತದೆ, ಮೇಲೆ ದಪ್ಪ ಗಿಲಾವು ಇರುವುದಿಲ್ಲ. ಕೆಲವು ಟವರ್‌ಗಳ ಸ್ಲ್ಯಾಬ್ ಪೋಸ್ಟ್‌ಟೆನ್ಷನ್ ಮಾಡಿದ್ದು, ಒಳಗೆ ಬಿಗಿದು ಎಳೆದ ಉಕ್ಕಿನ ಕೇಬಲ್ ಇರುತ್ತದೆ. ಅದಕ್ಕೆ ಬಿಟ್ ತಾಗಿದರೆ ಪ್ರಾಣಕ್ಕೇ ಅಪಾಯ. ಬಿಲ್ಡರ್ ಅಥವಾ ಸೊಸೈಟಿಯ ಲಿಖಿತ ಒಪ್ಪಿಗೆ ಇಲ್ಲದೆ ಅಲ್ಲಿ ಒಂದು ತೂತೂ ಬೇಡ.

ಫಾಲ್ಸ್ ಸೀಲಿಂಗ್ ಬೋರ್ಡಿಗೆ ಭಾರ ನೇತುಹಾಕಲೇಬೇಡಿ, ಮೇಲೆ ವೈರುಗಳು ಸಡಿಲವಾಗಿ ಬಿದ್ದಿರುತ್ತವೆ. ತೊಟ್ಟಿಲು, ಜೋಕಾಲಿಗೆ ಪ್ಲಾಸ್ಟಿಕ್ ಪ್ಲಗ್ ಸಾಲದು. ಲೋಹದ ಆಂಕರ್ ಫಾಸ್ಟನರ್ ಬೇಕು, ಅದಕ್ಕೆ ಆಳ ಜಾಸ್ತಿ ಬೇಕು, ಆದ್ದರಿಂದ ಅದನ್ನು ತಿಳಿದವರೇ ಹಾಕಲಿ. ಫ್ಯಾನಿನ ಹುಕ್ಕಿಗೆ ಇನ್ನೊಂದು ಹಗ್ಗ ಕಟ್ಟುವುದಂತೂ ಬೇಡವೇ ಬೇಡ.

ಚಳಿ ದೇಶದಿಂದ ಮಕ್ಕಳು ಫೋನ್ ಮಾಡಿ ಕೇಳಿದರೆ

ಅಮೆರಿಕದ ಕೆಲವು ಹಳೇ ಮನೆಗಳಲ್ಲಿ ಸೀಲಿಂಗೇ ಹೀಟರ್. ಗಿಲಾವಿನಲ್ಲಿ ಅಥವಾ ಜಿಪ್ಸಮ್ ಬೋರ್ಡುಗಳ ನಡುವೆ ಬಿಸಿ ವೈರ್ ಹತ್ತಿರ ಹತ್ತಿರ ಸಾಲಾಗಿ ಹೂತಿರುತ್ತದೆ, ಸಾಮಾನ್ಯವಾಗಿ 240 ವೋಲ್ಟ್. ಗೋಡೆಯಲ್ಲಿ ಥರ್ಮೋಸ್ಟಾಟ್ ಇದೆ, ರೂಮಿನಲ್ಲಿ ಹೀಟರ್ ಎಲ್ಲೂ ಕಾಣುವುದಿಲ್ಲ ಅಂದರೆ ಅನುಮಾನ ಪಡಬೇಕು. ನಮ್ಮ ಸ್ಲ್ಯಾಬಿನಂತೆ ಅಲ್ಲಿ ಆಳದ ರಕ್ಷಣೆ ಇಲ್ಲ. ಒಂದು ಸಣ್ಣ ಸ್ಕ್ರೂ ಸಾಕು, ಉದ್ದನೆಯ ಒಂದೇ ವೈರ್ ಆದ್ದರಿಂದ ಇಡೀ ರೂಮ್ ತಣ್ಣಗಾಗುತ್ತದೆ. ಹುಕ್ ಹಾಕಿದ ಮೇಲೆ ಒಂದು ರೂಮ್ ಮಾತ್ರ ಬಿಸಿಯಾಗದಿದ್ದರೆ ಕಾರಣ ಇದೇ ಇರಬಹುದು. ಹೀಟ್ ಹಾಕಿ ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ವೈರಿನ ಗೆರೆಗಳು ಸಾಲಾಗಿ ಕಾಣುತ್ತವೆ. ಹಾಗೆ ನೋಡದೆ ಆ ಸೀಲಿಂಗ್ ಮುಟ್ಟಬೇಡಿ ಅಂತ ಹೇಳಿ. ಗೋಡೆಗೆ ಒರಗಿ ನಿಲ್ಲುವ ಸ್ಟ್ಯಾಂಡ್ ಕೊಂಡರೆ ಆಯ್ತು.

ವೈರ್‌ಮನ್ ಬಂದಾಗ

ಲೈಸನ್ಸ್ ಇರುವವರನ್ನು ಕರೆಸಿ. ಹುಕ್ ಎಲ್ಲಿ ಹಾಕಿದ್ದು, ಎಷ್ಟು ಆಳ, ಯಾವಾಗ, ಏನು ಬಿತ್ತು, ಯಾವ ಎಂಸಿಬಿ ಎತ್ತಿದಾಗ ಬಿತ್ತು ಅಂತ ಹೇಳಿ. ಬಿಚ್ಚಿದ ಸ್ಕ್ರೂ ತೋರಿಸಿ. ಅವರು ನೋಡುವ ಮುಂಚೆ ತೂತಿಗೆ ಸಿಮೆಂಟ್ ಅಥವಾ ಪುಟ್ಟಿ ತುಂಬಬೇಡಿ. ಹಸಿ ಸಿಮೆಂಟ್ ಪೈಪಿಗೆ ಇಳಿದು ಗಟ್ಟಿಯಾದರೆ ವೈರ್ ಎಳೆಯಲು ಬರುವುದಿಲ್ಲ.

ಸರಿಯಾದ ರಿಪೇರಿ ಅಂದರೆ ಬಾಕ್ಸಿನಿಂದ ಬಾಕ್ಸಿಗೆ ಹೊಸ ವೈರ್ ಎಳೆಯುವುದು. ತೂತಿನ ಬಾಯಲ್ಲಿ ಟೇಪ್ ಸುತ್ತಿ ಮುಚ್ಚುವುದು, ಪೈಪಿನೊಳಗೆ ಜಾಯಿಂಟ್ ಹಾಕುವುದು ರಿಪೇರಿ ಅಲ್ಲ. ಪೈಪ್ ಜಜ್ಜಿ ಹೋಗಿ ವೈರ್ ದಾಟದಿದ್ದರೆ ಹಳೇ ದಾರಿ ಬಿಟ್ಟು, ಸೀಲಿಂಗ್ ಅಂಚಿನಲ್ಲಿ ಪಿವಿಸಿ ಪಟ್ಟಿ ಹೊಡೆದು ಹೊಸ ಲೈನ್ ತರಲಿ. ನೋಡಲು ಅಷ್ಟು ಚೆಂದ ಇರುವುದಿಲ್ಲ, ಆದರೆ ವೈರ್ ಎಲ್ಲಿದೆ ಅಂತ ಮುಂದೆ ಎಲ್ಲರಿಗೂ ಕಾಣುತ್ತದೆ. ಕೆಲಸ ಮುಗಿದ ಮೇಲೆ ಮೆಗ್ಗರ್ ಹಚ್ಚಿ ಸಂಖ್ಯೆ ತೋರಿಸಲು ಹೇಳಿ, ಟಿ ಗುಂಡಿ ಒತ್ತಿ ಆರ್‌ಸಿಸಿಬಿ ಬೀಳುತ್ತದಾ ಅಂತ ಅವರ ಎದುರಿಗೇ ನೋಡಿ. ಆಮೇಲೆ ದುಡ್ಡು ಕೊಡಿ.